ಎರಡು ಕಿಲೋ ಗಾಂಭೀರ್ಯ

ಮದುವೆಮನೆಯಲ್ಲಿ ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡವನಿಗೆ ಇರುವ ಅಧಿಕಾರ ಬೀಗರಿಗೂ ಇರುವುದಿಲ್ಲ. ಧಾರೆಯ ಹೊತ್ತಿನಲ್ಲಿ ಹುಡುಗಿಯ ಸೋದರಮಾವನನ್ನೇ ‘ಸ್ವಲ್ಪ ಪಕ್ಕಕ್ಕೆ ಸರೀರಿ’ ಎನ್ನಬಲ್ಲ. ಪುರೋಹಿತರೂ ‘ತಗೊಂಡ್ರಾ?’ ಎಂದು ಕೇಳಿಯೇ ಮುಂದಿನ ಮಂತ್ರಕ್ಕೆ ಹೋಗುತ್ತಾರೆ. ಈ ವೈಭೋಗ ಕಂಡೇ ಅಲ್ಲವೇ, ನೀವೂ ವೃತ್ತಿಪರರ ಡಿಎಸ್‌ಎಲ್‌ಆರ್ ಒಂದನ್ನು ಕೊಳ್ಳಲು ಹೊರಟಿದ್ದು? ಬನ್ನಿ, ಕೂತು ಮಾತಾಡೋಣ. ಮಾತಿಗೆ ನಿಕಾನ್ ಡಿ850 ಇರಲಿ. 2017ರಲ್ಲಿ ಬಂದರೂ ಅದರ ಹೆಸರೆತ್ತಿದರೆ ಕಾಡಿನ ಫೋಟೋದವರು ಇವತ್ತಿಗೂ ಕೈಮುಗಿಯುತ್ತಾರೆ.

ಮೊದಲು ಗುಣಗಾನ. 45.7 ಮೆಗಾಪಿಕ್ಸೆಲ್! ಕಬಿನಿಯಲ್ಲಿ ಹುಲಿ ನಿಮ್ಮ ಚಿತ್ರದ ಮೂಲೆಯಲ್ಲಿ ಸಿಕ್ಕಿಬಿದ್ದರೂ, ಉಳಿದದ್ದನ್ನು ಕತ್ತರಿಸಿ ಬಿಸಾಡಿ ಅದರ ಮೀಸೆ ಎಣಿಸಬಹುದು. ಆದರೆ ಜೀಪಿನಲ್ಲಿ ನಿಮ್ಮ ಕೈ ನಡುಗಿದ್ದರೆ ಆ ನಡುಕವೂ ಅಷ್ಟೇ ಸ್ಪಷ್ಟ. ಫೋಕಸ್ ಕಣ್ಣಿನ ಬದಲು ಕಿವಿಗೆ ಬಿದ್ದಿದ್ದರೆ ‘ಲೈಟು ಸರಿ ಇರಲಿಲ್ಲ’ ಎಂಬ ನೆಪ ನಡೆಯುವುದಿಲ್ಲ. ಸಾಲದ್ದಕ್ಕೆ ಒಂದೊಂದು ರಾ ಫೈಲು ಸುಮಾರು 50 ಎಂಬಿ. ಹುಲಿ ಆಕಳಿಸಿ ಮುಗಿಸುವಷ್ಟರಲ್ಲಿ ಕಾರ್ಡು ಅರ್ಧ ತುಂಬಿರುತ್ತದೆ.

ಬ್ಯಾಟರಿಯ ಮಾತಿಗೆ ಬಂದರೆ ಅದು ಕರ್ಣ. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ 1840 ಚಿತ್ರ. ಕಾರಣ ಸರಳ: ಕಣ್ಣಿಡುವ ಕಿಂಡಿಯಲ್ಲಿ ನೀವು ನೋಡುವುದು ಒಳಗಿನ ಕನ್ನಡಿಯಿಂದ ಮೇಲೆ ಬಂದ ನಿಜವಾದ ಬೆಳಕು. ಅದನ್ನು ತೋರಿಸಲು ಪರದೆ ಉರಿಯಬೇಕಿಲ್ಲ. ಆದರೆ ಅದೇ ಕನ್ನಡಿ ಪ್ರತಿ ಚಿತ್ರಕ್ಕೂ ‘ಟಕ್’ ಎಂದು ಎದ್ದು ಕೂರುತ್ತದೆ. ಕಛೇರಿಯಲ್ಲಿ ವಿದುಷಿಯರು ಆಲಾಪನೆಗೆ ತೊಡಗಿದಾಗ ಮೊದಲ ಸಾಲಿನಲ್ಲಿ ಹೀಗೆ ತಾಳ ಹಾಕಿ ನೋಡಿ, ಮುಂದಿನ ವರ್ಷ ಪಾಸ್ ಬರುವುದಿಲ್ಲ. ಸದ್ದಿಲ್ಲದೆ ತೆಗೆಯುವ ಉಪಾಯವೂ ಅದರಲ್ಲಿದೆ, ಹಿಂಬದಿಯ ಪರದೆ ನೋಡಿಕೊಂಡು ತೆಗೆಯಬೇಕು. ಆದರೆ ಆಗ ಫೋಕಸ್ಸು ಕರೆಂಟ್ ಹೋದ ಮನೆಯಲ್ಲಿ ಬೆಂಕಿಪೆಟ್ಟಿಗೆ ಹುಡುಕುವವರಂತೆ ತಡಕಾಡುತ್ತದೆ.

ಹಸಿರು ‘ಆಟೋ’ ಗುರುತು ಇದರಲ್ಲಿ ಇಲ್ಲ. ಒಳಗೇ ಅಡಗಿರುವ ಫ್ಲ್ಯಾಶೂ ಇಲ್ಲ. ‘ಇಷ್ಟು ದುಡ್ಡು ಕೊಟ್ಟವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ?’ ಎಂಬ ಗೌರವ ಅದಕ್ಕೆ ನಿಮ್ಮ ಮೇಲೆ. ಬ್ಯಾಟರಿ, ಕಾರ್ಡು ಸೇರಿ ಬಾಡಿ 1005 ಗ್ರಾಂ. ಇದಕ್ಕೆ ಹೊಂದುವ, ಅದೇ ಕಂಪನಿಯ 24-70 ಎಂಎಂ ಎಫ್2.8 ಲೆನ್ಸುಗಳಲ್ಲಿ ಹೊಸದು ಇನ್ನೊಂದು 1070 ಗ್ರಾಂ. ಸಂಜೆಗೆ ನಿಮ್ಮ ಕುತ್ತಿಗೆ ಇದರ ವಿಮರ್ಶೆ ಬರೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಮನೆಯ ಯಾವ ಫೋಟೋದಲ್ಲೂ ನೀವಿರುವುದಿಲ್ಲ. ಭಾವನ ಕೈಗೆ ಕೊಟ್ಟು ‘ನಮ್ಮದೊಂದು ತೆಗೀರಿ’ ಎಂದರೆ, ಅವರು ಅದನ್ನು ಮೊಬೈಲಿನಂತೆ ದೂರ ಹಿಡಿದು, ‘ಏನೂ ಕಾಣಿಸ್ತಿಲ್ವಲ್ಲೋ, ಎಲ್ಲಾ ಕಪ್ಪು!’ ಎನ್ನುತ್ತಾರೆ. ಕಿಂಡಿಗೆ ಕಣ್ಣಿಡಿ ಎಂದು ವಿವರಿಸುವಷ್ಟರಲ್ಲಿ ಅಕ್ಕ ಊಟದ ಪಂಕ್ತಿಗೆ ಹೊರಟಿರುತ್ತಾಳೆ.

‘ಈ ಕನ್ನಡಿ ಕ್ಯಾಮೆರಾಗಳ ಕಾಲ ಮುಗಿಯಿತಂತಲ್ಲ?’ ಎನ್ನುವಿರಿ. ಹೊಸದಾಗಿ ಹುಟ್ಟುವ ಕಾಲ ಮುಗಿದಂತೆಯೇ. 2020ರ 1ಡಿ ಎಕ್ಸ್ ಮಾರ್ಕ್ 3 ತಮ್ಮ ಕಂಪನಿಯ ಅಗ್ರಶ್ರೇಣಿಯ ಕೊನೆಯ ಡಿಎಸ್‌ಎಲ್‌ಆರ್ ಎಂದು ಕ್ಯಾನನ್ ಮುಖ್ಯಸ್ಥರು 2021ರಲ್ಲೇ ಹೇಳಿದರು. ನಿಕಾನ್ ಅದೇ ವರ್ಷ ಕನ್ನಡಿಯೇ ಇಲ್ಲದ ಝಡ್9 ತಂದಿತು. ಕನ್ನಡಿ ಮಾತ್ರವಲ್ಲ, ಯಾಂತ್ರಿಕ ಶಟರನ್ನೂ ಕಿತ್ತುಹಾಕಿತು. ಇದರಿಂದ ನಿಮಗೆ ಲಾಭವೇ: ಹೊಸತರ ಹಿಂದೆ ಓಡುವವರು ಮಾರಿದ ಒಳ್ಳೊಳ್ಳೆ ಬಾಡಿ, ಲೆನ್ಸುಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಕಾಯುತ್ತಿವೆ.

ಆದರೂ ಆತುರ ಬೇಡ. ಕ್ಯಾಮೆರಾ ಬಾಡಿಗೆಗೂ ಸಿಗುತ್ತದೆ. ಶನಿವಾರ, ಭಾನುವಾರ ತಂದು ಹೊತ್ತು ತಿರುಗಿ, ತೆಗೆದದ್ದನ್ನೆಲ್ಲ ಪೂರ್ತಿ ಹಿಗ್ಗಿಸಿ ನೋಡಿ. ಸೋಮವಾರವೂ ಆಸೆ ಉಳಿದಿದ್ದರೆ ಕೊಳ್ಳಿ. ಕುತ್ತಿಗೆ ನೋವು ಮಾತ್ರ ಉಳಿದಿದ್ದರೆ, ಮೊಬೈಲಿನ ಲೆನ್ಸು ಒರೆಸಿಕೊಂಡು ಸುಖವಾಗಿರಿ.