ಗುಹಾಸುರ ಋಣಮೀಮಾಂಸೆ

ಹರಿಹರದ ಸ್ಥಳಪುರಾಣವನ್ನು ಈವರೆಗಿನ ಪಂಡಿತರು ಶೈವ-ವೈಷ್ಣವ ಸಾಮರಸ್ಯದ ಕಥೆಯೆಂದು ಓದಿಕೊಂಡು ಬಂದಿದ್ದಾರೆ. ಪಂಡಿತರ ಮೇಲೆ ನಮಗೆ ಗೌರವವಿದೆ. ಆದರೆ ಅವರಲ್ಲಿ ಯಾರೂ ದುಬೈಯಲ್ಲಿ ಪರ್ಸನಲ್ ಲೋನು ಎತ್ತಿದವರಂತೆ ಕಾಣುವುದಿಲ್ಲ. ಎತ್ತಿದ್ದರೆ ಕಥೆಯ ನಿಜಾರ್ಥ ಮೊದಲ ಕಂತಿಗೇ ಹೊಳೆಯುತ್ತಿತ್ತು. ಗುಹಾಸುರನೆಂಬ ದೈತ್ಯ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆಯುತ್ತಾನೆ: ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ. ಆಮೇಲೆ ಮೆರೆಯುತ್ತಾನೆ. ಕೊನೆಗೆ ಇಬ್ಬರೂ ಅರ್ಧರ್ಧ ಸೇರಿ ಒಂದೇ ಮೂರ್ತಿಯಾಗಿ ಬಂದು ಅವನ ಲೆಕ್ಕ ಚುಕ್ತಾ ಮಾಡುತ್ತಾರೆ. ಇದರಲ್ಲಿ ಭಕ್ತಿಯ ಮಾತೆಲ್ಲಿದೆ? ಇರುವುದು ಕೋರ್ಟಿನ ಸರಹದ್ದಿನ ಮಾತು. ಗುಹಾಸುರ ನಂಬಿಕೊಂಡದ್ದು ತನ್ನ ತೋಳನ್ನಲ್ಲ. ಎರಡು ಕಚೇರಿಗಳ ನಡುವೆ ಕಡತ ಓಡಾಡುವುದಿಲ್ಲ ಎಂಬ ಸನಾತನ ಸತ್ಯವನ್ನು. ಕೊಲ್ಲಿಯ ಒಂದು ದೇಶದಲ್ಲಿ ಸಾಲ ಮಾಡಿ ಇನ್ನೊಂದು ದೇಶಕ್ಕೆ ಕೆಲಸ ಬದಲಿಸುವ ದಾವಣಗೆರೆ-ಹರಿಹರದ ಎಂಜಿನಿಯರು, ನರ್ಸು, ಫಿಟರು, ಸೇಲ್ಸ್‌ಮನ್ನುಗಳಲ್ಲಿ ಕೆಲವರು ನಂಬಿಕೊಳ್ಳುವುದೂ ಇದನ್ನೇ. ಆ ವರದ ಅವಧಿ ಮುಗಿದಿದೆ, ಮುಗಿದ ತಾರೀಖನ್ನೂ ಹೇಳಬಹುದು ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಮೊದಲು ಶಾಸ್ತ್ರ. ಸಮುದ್ರ ದಾಟಿದ ಸಾಲಗಾರ ಹೊಸ ಪ್ರಾಣಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ ಎನ್ನುತ್ತದೆ. ವ್ಯಾಪಾರಕ್ಕಾದರೆ ಐದು, ಕಾಡು ಹಾಯುವವರಿಗೆ ಹತ್ತು, ಕಡಲಿಗಿಳಿಯುವವರಿಗೆ ಇಪ್ಪತ್ತು. ತಿಂಗಳಿಗೆ ಇಪ್ಪತ್ತೆಂದರೆ ವರ್ಷಕ್ಕೆ ನೂರಕ್ಕೆ 240. ಇಂದಿನ ಕ್ರೆಡಿಟ್ ಕಾರ್ಡಿನವರು ಇದನ್ನು ಓದಿದರೆ ತಾವು ಧರ್ಮಛತ್ರ ನಡೆಸುತ್ತಿದ್ದೇವೆಂದು ಕಣ್ಣೊರೆಸಿಕೊಂಡಾರು. ಯಾಜ್ಞವಲ್ಕ್ಯ ಸ್ಮೃತಿಯೂ ಇದೇ ಹತ್ತು-ಇಪ್ಪತ್ತನ್ನು ಹೇಳುತ್ತದೆ. ಅದಕ್ಕೆ ಮಿತಾಕ್ಷರವೆಂಬ ಟೀಕೆ ಬರೆದವನು ನಮ್ಮವನೇ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿದ್ದ ವಿಜ್ಞಾನೇಶ್ವರ. ಕಡಲಿನವರಿಗೆ ದರ ಏಕೆ ಜಾಸ್ತಿ ಎಂಬುದಕ್ಕೆ ಅವನು ಕೊಡುವ ಕಾರಣ ಇವತ್ತಿನ ಯಾವ ಬ್ಯಾಂಕ್ ಮ್ಯಾನೇಜರೂ ಒಪ್ಪುವಂಥದ್ದು: ಬಡ್ಡಿಯ ಮಾತಿರಲಿ, ಅಸಲೇ ಹೋಗಿಬಿಡುವ ಶಂಕೆ. ತಂದೆ ಪರದೇಶಕ್ಕೆ ಹೋದರೆ, ಸತ್ತರೆ, ಅಥವಾ ಸಂಕಟದಲ್ಲಿ ಮುಳುಗಿದರೆ ಅವನ ಸಾಲವನ್ನು ಮಕ್ಕಳು ಮೊಮ್ಮಕ್ಕಳು ತೀರಿಸಬೇಕೆಂದೂ ಆ ಸ್ಮೃತಿ ವಿಧಿಸುತ್ತದೆ. ಪರದೇಶ, ಸಾವು, ಸಂಕಟ, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಔಚಿತ್ಯ ಲೇಬರ್ ಕ್ಯಾಂಪಿನಲ್ಲಿ ಎರಡು ಬೇಸಗೆ ಕಳೆದವರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಮಕ್ಕಳ ಈ ಧಾರ್ಮಿಕ ಹೊಣೆಯನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ತೆಗೆದುಹಾಕಿತು.

ಆದ್ದರಿಂದ ದಾವಣಗೆರೆ ವಿದ್ಯಾನಗರದ ಮನೆಗೆ ಫೋನ್ ಮಾಡಿ ‘ನಿಮ್ಮ ಮಗನ ಬಾಕಿ ನೀವೇ ಕಟ್ಟಬೇಕು’ ಎಂದು ಗದರಿಸುವ ವಸೂಲಿ ಏಜೆಂಟು ಇವತ್ತಿನ ಕಾನೂನಿನಲ್ಲೂ ಇಲ್ಲ, ಪೂರ್ತಿಯಾಗಿ ಹಳೆಯ ಶಾಸ್ತ್ರದಲ್ಲೂ ಇಲ್ಲ. ಜಾಮೀನು ಹಾಕದ ತಂದೆ ಕಾನೂನಿನ ಪ್ರಕಾರ ಹೊಣೆಯಲ್ಲ. ಸ್ಮೃತಿಯೂ ಮಗನ ಸಾಲಕ್ಕೆ ತಂದೆಯನ್ನು ಹಿಡಿಯಬಾರದೆಂದೇ ಹೇಳಿ, ಒಂದೇ ಒಂದು ವಿನಾಯಿತಿ ಇಡುತ್ತದೆ: ಕುಟುಂಬಕ್ಕಾಗಿ ಮಾಡಿದ ಸಾಲ ಹೊರತು. ಇಲ್ಲಿ ಮಾತ್ರ ನಮ್ಮ ಹಿರಿಯರು ಸ್ವಲ್ಪ ಕೆಮ್ಮಬೇಕಾಗುತ್ತದೆ. ನಿಜಲಿಂಗಪ್ಪ ಬಡಾವಣೆಯ ಸೈಟು, ತಂಗಿಯ ಮದುವೆಯ ಛತ್ರ, ಗೃಹಪ್ರವೇಶದ ಹೋಳಿಗೆ ಊಟ, ಇವೆಲ್ಲ ಯಾರಿಗಾಗಿ ಆದದ್ದು? 2005ರ ಸಂಸತ್ತು ಮಕ್ಕಳನ್ನು ಬಿಡಿಸಿತು. ಅಪ್ಪಂದಿರನ್ನು ಯಾಜ್ಞವಲ್ಕ್ಯನ ಕೈಯಿಂದ ಬಿಡಿಸುವವರು ಇನ್ನೂ ಹುಟ್ಟಬೇಕು.

ಇನ್ನು ಸಾಲದ ದೇಹರಚನೆ. ಇದನ್ನು ವಿವರಿಸಲು ನಾವು ‘ಮಂಡಕ್ಕಿ ನ್ಯಾಯ’ವನ್ನು ಪ್ರಸ್ತಾಪಿಸುತ್ತೇವೆ. ದಾವಣಗೆರೆಯ ಭಟ್ಟಿಯಲ್ಲಿ ಬಿಸಿ ಮರಳಿಗೆ ಬಿದ್ದ ಅಕ್ಕಿ ಹಲವು ಪಟ್ಟು ಉಬ್ಬುತ್ತದೆ. ಚೀಲ ತುಂಬಿದ್ದು ಕಾಣುತ್ತದೆ, ತಕ್ಕಡಿಗೆ ಹಾಕಿದರೆ ತೂಕ ಹೆಚ್ಚಿರುವುದಿಲ್ಲ. ಮರುಭೂಮಿಯ ಬಿಸಿ ಮರಳಿನಲ್ಲಿ ಸಂಬಳ ಉಬ್ಬುವುದೂ ಹಾಗೆಯೇ. ಅರಬ್ ಸಂಯುಕ್ತ ಸಂಸ್ಥಾನದ ಕೇಂದ್ರ ಬ್ಯಾಂಕು 2011ರಲ್ಲಿ ಮಾಡಿದ ನಿಯಮದಂತೆ ಪರ್ಸನಲ್ ಲೋನು ತಿಂಗಳ ಸಂಬಳದ ಇಪ್ಪತ್ತು ಪಟ್ಟು ಮೀರಬಾರದು, 48 ತಿಂಗಳಲ್ಲಿ ತೀರಬೇಕು, ಕಂತುಗಳೆಲ್ಲ ಸೇರಿ ಆದಾಯದ ಅರ್ಧ ದಾಟಬಾರದು. ಲೆಕ್ಕ ಹಾಕಿ: 48 ತಿಂಗಳು ಅರ್ಧ ಸಂಬಳ ಕಟ್ಟಿದರೆ 24 ತಿಂಗಳ ಸಂಬಳ. ಪಡೆದದ್ದು ಇಪ್ಪತ್ತು, ಕೊಟ್ಟದ್ದು ಇಪ್ಪತ್ನಾಲ್ಕು. ಆ ನಾಲ್ಕು ತಿಂಗಳು ಅವನು ದುಡಿದದ್ದು ಬಡ್ಡಿಗೆ. ಇದಕ್ಕಿಂತ ಸೋಜಿಗದ ಸಂಗತಿ, ಅಲ್ಲಿ ಕೆಲಸದ ವೀಸಾ ಸಾಮಾನ್ಯವಾಗಿ ಎರಡು ವರ್ಷದ್ದು. ಸಾಲ ನಾಲ್ಕು ವರ್ಷದ್ದು. ಮನುಷ್ಯನಿಗಿಂತ ಅವನ ಸಾಲಕ್ಕೆ ಆ ದೇಶದಲ್ಲಿ ಇಮ್ಮಡಿ ವಾಸದ ಹಕ್ಕು.

ಕೆಲಸ ಬದಲಿಸುವ ಘಳಿಗೆಯಲ್ಲಿ ಏನಾಗುತ್ತದೆಂಬುದನ್ನು ಹರಿಹರದ ಲೇತಿನ ಭಾಷೆಯಲ್ಲಿ ಹೇಳುವುದೇ ಸರಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಯಿತು. ಅದು ಕಲಿಸಿದ ಮಾತು ಮುಚ್ಚಿಲ್ಲ. ಲೇತಿನಲ್ಲಿ ಕಟ್ಟಿ ಕೊರೆಯುವ ಕಬ್ಬಿಣದ ತುಂಡಿಗೆ ಟರ್ನರುಗಳು ‘ಜಾಬ್’ ಎನ್ನುತ್ತಾರೆ. ಒಂದು ಮಷೀನಿನ ಚಕ್ಕಿನಿಂದ ಜಾಬ್ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದರೆ ಅದು ಮೊದಲಿನ ಸೆಂಟರಿಗೆ ತಾನಾಗಿ ಕೂರುವುದಿಲ್ಲ, ಔಟ್ ಬರುತ್ತದೆ; ಡಯಲ್ ಇಟ್ಟು ಸರಿ ಮಾಡದೆ ಟೂಲ್ ಕೊಟ್ಟರೆ ಮಾಲು ಕೆಡುತ್ತದೆ. ಕೊಲ್ಲಿಯ ಜಾಬೂ ಹೀಗೆಯೇ. ಸಾಲ ಕೊಡುವ ಬ್ಯಾಂಕು ಕಂಪನಿಯಿಂದ ಪತ್ರ ಬರೆಸಿಕೊಂಡಿರುತ್ತದೆ: ಸಂಬಳ ನಿಮ್ಮಲ್ಲಿಗೇ ಬರುತ್ತದೆ, ಕೆಲಸ ಬಿಟ್ಟ ದಿನದ ಹಣವೂ ನಿಮ್ಮಲ್ಲಿಗೇ. ಫೈನಲ್ ಸೆಟ್ಲ್‌ಮೆಂಟ್ ಖಾತೆಗೆ ಬಿದ್ದರೆ ಚಕ್ಕು ಬಿಗಿಯಾಗುತ್ತದೆ, ಖಾತೆಗೆ ತಡೆ ಬೀಳುತ್ತದೆ. ಗ್ರಾಚ್ಯುಟಿ ಇದೆಯಲ್ಲ ಎಂಬ ಸಮಾಧಾನವನ್ನೂ ತೂಗಿ ನೋಡೋಣ. ಅರಬ್ ಸಂಯುಕ್ತ ಸಂಸ್ಥಾನದ ಕಾನೂನಿನಂತೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ. ಮೂಲ ವೇತನ 4,000 ದಿರ್ಹಮ್, ಒಟ್ಟು ಸಂಬಳ 6,000 ಇರುವವನು ಐದು ವರ್ಷ ದುಡಿದರೆ 105 ದಿನದ್ದು, ಅಂದರೆ 14,000 ದಿರ್ಹಮ್. ಅವನಿಗೆ ಸಿಗಬಹುದಾದ ಸಾಲ 1,20,000. ಕಾಲು ಭಾಗ ತೀರಿಸಿ ದೋಹಾದಲ್ಲಿ ಜಾಸ್ತಿ ಸಂಬಳ ಸಿಕ್ಕಿತೆಂದು ಹೊರಟರೂ ಈ ಹದಿನಾಲ್ಕು ಸಾವಿರ ಕಾವಲಿಗೆ ಹಾಕಿದ ಬೆಣ್ಣೆ. ದೋಸೆ ಬೇರೆಯೇ ಹುಯ್ಯಬೇಕು. ಹೊಸ ಕಂಪನಿಯ ಆಫರ್ ಕೈಗೆ ಬಂದ ದಿನವೇ ಹಳೆಯ ಬ್ಯಾಂಕಿಗೆ ಹೋಗಿ, ವೀಸಾ ಕ್ಯಾನ್ಸಲ್ ಆಗುವ ಮೊದಲೇ ಕಂತನ್ನು ಹೊಸ ಸಂಬಳಕ್ಕೆ ಹೊಂದಿಸಿ ಲಿಖಿತ ಪಡೆಯುವುದನ್ನು ನಾವು ‘ಡಯಲ್ ಇಡುವುದು’ ಎಂದು ಕರೆಯುತ್ತೇವೆ. ಪೂರ್ತಿ ತೀರಿಸಿದವರು ಬಾಕಿ ಇಲ್ಲವೆಂಬ ಪತ್ರದ ಜತೆಗೆ, ಸಾಲ ಪಡೆದ ದಿನ ಸಹಿ ಹಾಕಿ ಕೊಟ್ಟ ಚೆಕ್ಕನ್ನೂ ವಾಪಸ್ ಕೇಳಬೇಕು. ಪತ್ರ ಕೇಳುವವರುಂಟು, ಚೆಕ್ಕು ನೆನಪಾಗುವುದು ವಿಮಾನ ಏರಿದ ಮೇಲೆ.

ಈಗ ಪೂರ್ವಪಕ್ಷ. ‘ಗಡಿ ದಾಟಿದ ಮೇಲೆ ಯಾರು ಕೇಳುತ್ತಾರೆ?’ ಈ ವಾದಕ್ಕೆ ನಮ್ಮ ಸೀಮೆಯಲ್ಲಿ ಗೌರವಾನ್ವಿತ ವಂಶಾವಳಿ ಇದೆ. ಬ್ರಿಟಿಷರ ಕಾಲದಲ್ಲಿ ಹರಿಹರದ ದಂಡೆ ಮೈಸೂರು ಸಂಸ್ಥಾನ. ತುಂಗಭದ್ರೆಯ ಆಚೆ ದಂಡೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಆಚೆಯವರ ಲೆಕ್ಕದಲ್ಲಿ ಮೈಸೂರಿನ ಕೋರ್ಟು ಪರದೇಶದ ಕೋರ್ಟು. ಅಂದರೆ ಹರಿಗೋಲಿಗೆ ಕಾಸು ಕೊಟ್ಟು ಹೊಳೆ ದಾಟಿದ ಸಾಲಗಾರ ತಾಂತ್ರಿಕವಾಗಿ ವಿದೇಶವಾಸಿ. ಸೌದಿ-ಬಹರೇನ್ ನಡುವಿನ 25 ಕಿಲೋಮೀಟರಿನ ಸೇತುವೆ 1986ರಲ್ಲಿ ತೆರೆಯಿತು. ನಮ್ಮವರಿಗೆ ಆ ವಿದ್ಯೆಗೆ ಹರಿಗೋಲು ಸಾಕಿತ್ತು ಎಂದು ಹೆಮ್ಮೆಪಡಬಹುದು. 2008-09ರ ಕುಸಿತದಲ್ಲಿ ದುಬೈ ವಿಮಾನ ನಿಲ್ದಾಣದಲ್ಲಿ ಕಾರು ಬಿಟ್ಟು ಹಾರಿದವರ ಸುದ್ದಿ ಜಗತ್ತಿಗೆಲ್ಲ ಹಬ್ಬಿತಲ್ಲ, ಅವರೂ ಈ ಸಂಪ್ರದಾಯದವರೇ. ಹರಿಗೋಲನ್ನು ಮಾತ್ರ ಯಾರೂ ಸಾಲದಲ್ಲಿ ಕೊಂಡಿರಲಿಲ್ಲ.

ಸಿದ್ಧಾಂತ ಹೀಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮು, ಸರ್ಕಾರ ಗೆಜೆಟ್ಟಿನಲ್ಲಿ ಹೆಸರಿಸಿದ ದೇಶದ ಮೇಲಿನ ಹಂತದ ಕೋರ್ಟುಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯ ತನ್ನದೇ ಎಂಬಂತೆ ಜಾರಿ ಮಾಡಬಹುದು ಎನ್ನುತ್ತದೆ. ಅರಬ್ ಸಂಯುಕ್ತ ಸಂಸ್ಥಾನದ ಜತೆ ನ್ಯಾಯಿಕ ಸಹಕಾರದ ಒಪ್ಪಂದ 1999ರದ್ದು. ಅದು ಗೆಜೆಟ್ಟಿಗೆ ಇಳಿದದ್ದು 2020ರ ಜನವರಿ 17ರಂದು. ಇಪ್ಪತ್ತು ವರ್ಷ! ಹರಿ ಹರ ಒಂದಾಗಲು ಎಷ್ಟು ಕಾಲ ಹಿಡಿಯಿತೋ ಪುರಾಣ ಹೇಳುವುದಿಲ್ಲ. ನಡುವೆ ಸಚಿವಾಲಯವಿದ್ದಿದ್ದರೆ ಇಷ್ಟೇ ಹಿಡಿಯುತ್ತಿತ್ತು. ಆ ತಾರೀಖಿನಿಂದ ದುಬೈ ಕೋರ್ಟಿನ ಡಿಕ್ರಿ ದಾವಣಗೆರೆ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು, ಸೈಟಿನ ಖಾತೆ ಕೇಳಬಹುದು. ವಾದ-ಪ್ರತಿವಾದ ನಡೆಯದೆ, ನೋಟಿಸೇ ತಲುಪದೆ ಆದ ತೀರ್ಪಾದರೆ 13ನೇ ಕಲಮಿನಡಿ ಆಕ್ಷೇಪಿಸಲು ಅವಕಾಶವಿದೆ. ಅದು ಗುಹೆಯ ಹಿಂಬಾಗಿಲು, ಹೆದ್ದಾರಿಯಲ್ಲ. ದೋಹಾ, ಕುವೈತಿಗೆ ಹಾರಿದರೂ ಕಥೆ ಬಹಳ ಬೇರೆಯಲ್ಲ: ಕೊಲ್ಲಿಯ ಆರು ದೇಶಗಳು ಒಬ್ಬರ ಕೋರ್ಟಿನ ತೀರ್ಪನ್ನು ಇನ್ನೊಬ್ಬರು ಜಾರಿ ಮಾಡುವ ಒಪ್ಪಂದವನ್ನು 1990ರ ದಶಕದಲ್ಲೇ ಮಾಡಿಕೊಂಡಿವೆ. ಇನ್ನು ಆ ಸಹಿಯ ಚೆಕ್ಕು. 2022ರ ಜನವರಿಯಿಂದ ಹಣವಿಲ್ಲದೆ ಚೆಕ್ಕು ವಾಪಸಾಗುವುದು ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಬಹುಮಟ್ಟಿಗೆ ಅಪರಾಧವಲ್ಲ ಎಂದಾಗ ಹಲವರು ನಿಟ್ಟುಸಿರುಬಿಟ್ಟರು. ಅದೇ ಕಾನೂನು ವಾಪಸಾದ ಚೆಕ್ಕನ್ನು ನೇರವಾಗಿ ಜಾರಿಗೆ ಹಾಕಬಹುದಾದ ದಸ್ತಾವೇಜು ಮಾಡಿತು. ಪೊಲೀಸರ ಕೈಯಿಂದ ಬಿಡಿಸಿ ಅಮೀನನ ಕೈಗೆ ಕೊಟ್ಟಂತಾಯಿತು.

‘ಆದರೆ ಆ ಗೆಜೆಟ್ಟಿನ ಪಟ್ಟಿಯಲ್ಲಿ ಕುವೈತ್ ಇಲ್ಲವಲ್ಲ’ ಎಂದು ಬುದ್ಧಿವಂತ ಪೂರ್ವಪಕ್ಷಿ ಮತ್ತೆ ಎದ್ದು ನಿಲ್ಲುತ್ತಾನೆ. ಇಲ್ಲ, ನಿಜ. ಅಲ್ಲಿನ ತೀರ್ಪು ಹಿಡಿದು ಬರುವವರು ಇಲ್ಲಿ ಮೂರು ವರ್ಷದೊಳಗೆ ಹೊಸ ದಾವೆ ಹೂಡಬೇಕು. ಗುಹಾಸುರನ ವರದಲ್ಲಿ ಉಳಿದಿರುವ ತುಣುಕು ಇದೊಂದೇ. ಆದರೆ ದಾವೆಯ ದಾರಿ ದೂರವಾದವರು ಠಾಣೆಯ ದಾರಿ ಹಿಡಿಯುತ್ತಾರೆ. 2024ರ ಕೊನೆಯಲ್ಲಿ ಕುವೈತಿನ ಬ್ಯಾಂಕೊಂದು, ಸುಮಾರು 1,400 ಮಲಯಾಳಿಗಳು, ಅವರಲ್ಲಿ ಹಲವರು ನರ್ಸುಗಳು, ಒಟ್ಟು 700 ಕೋಟಿ ರೂಪಾಯಿಯಷ್ಟು ಸಾಲ ಕಟ್ಟದೆ ಬೇರೆ ಬೇರೆ ದೇಶಗಳಿಗೆ ಹೋದರೆಂದು ಕೇರಳ ಪೊಲೀಸರಲ್ಲಿ ಆರೋಪ ಮಾಡಿತು, ಪ್ರಕರಣಗಳು ದಾಖಲಾದವು. ಅಲ್ಲಿಂದ ಕೆನಡಾಕ್ಕೋ ಯುರೋಪಿಗೋ ಕೆಲಸ ಬದಲಿಸಿದವರು ಊರಿನ ಠಾಣೆಯ ಹೆಸರನ್ನು ಹೊಸದಾಗಿ ಕಲಿತರು. ಆರೋಪ ಆರೋಪವೇ, ತೀರ್ಪಲ್ಲ. ನಮ್ಮ ವಾದಕ್ಕೆ ಅಷ್ಟು ಸಾಕು: ಕಡತ ಓಡಾಡುವುದಿಲ್ಲ ಎಂದಿದ್ದೆವಲ್ಲ, ಅದು ವಿಮಾನದಲ್ಲಿ ಬಂತು.

ಊರಿನ ಬ್ಯಾಂಕಿನಲ್ಲಿ ಮನೆ ಅಡವಿಟ್ಟು ಅಲ್ಲಿನದನ್ನು ತೀರಿಸೋಣ ಎಂಬ ಮೂರನೆಯ ಪಕ್ಷಕ್ಕೆ ನಾವು ‘ಕೂಡಲೂರು ಮತ’ ಎಂದು ಹೆಸರಿಟ್ಟಿದ್ದೇವೆ. ಹರಿಹರಕ್ಕೆ ಕೂಡಲೂರೆಂಬ ಹಳೆಯ ಹೆಸರಿದೆ. ಸೂಳೆಕೆರೆಯಿಂದ ಬರುವ ಹರಿದ್ರಾ ಅಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಕೂಡಿದ ಮೇಲೆ ಹರಿದ್ರೆಗೆ ಹೆಸರಿಲ್ಲ, ನೀರು ಮಾತ್ರ ಹಾಗೆಯೇ ಇದೆ. ದಿರ್ಹಮಿನ ಸಾಲ ರೂಪಾಯಿಯ ಸಾಲದಲ್ಲಿ ಕೂಡಿದಾಗಲೂ ಹೆಸರು ಹೋಗುತ್ತದೆ, ಹಳೆಯ ಬ್ಯಾಂಕಿನ ಫೋನು ನಿಲ್ಲುತ್ತದೆ. ಅದಕ್ಕೊಂದು ಬೆಲೆಯಿದೆ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಇದ್ದದ್ದು ಒಬ್ಬನ ಸಹಿ. ಇಲ್ಲಿ ಅಡವಿಗೆ ಬಿದ್ದದ್ದು ಅಪ್ಪ-ಅಮ್ಮ ಮಲಗುವ ಮನೆ. ಹೊಸ ದೇಶದ ಕೆಲಸ ಆರು ತಿಂಗಳಿಗೇ ಹೋದರೆ ಅಸುರ ಗುಹೆ ಬಿಟ್ಟು ನಡುಮನೆಗೆ ಬಂದು ಕೂತಿರುತ್ತಾನೆ.

ಕಡೆಯ ಆಕ್ಷೇಪ ತತ್ತ್ವಜ್ಞರದ್ದು: ಮರಳಿನಲ್ಲಿ ಬೆವರು ಸುರಿಸುವವನನ್ನು ಅಸುರನೆನ್ನುವುದು ಯಾವ ನ್ಯಾಯ? ನ್ಯಾಯವಲ್ಲ, ಒಪ್ಪಿದೆವು. ನಮ್ಮ ಸಮೀಕರಣದಲ್ಲಿ ಅಸುರ ಸಾಲಗಾರನಲ್ಲ, ‘ಅಲ್ಲಿಯದು ಅಲ್ಲಿಗೇ’ ಎಂಬ ಅವನ ನೆಚ್ಚಿಕೆ. ಆದರೂ ಒಂದು ತೊಡಕು ಬಗೆಹರಿಯದೆ ಉಳಿಯುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಗೆ, ವಾರ್ಷಿಕ ರಜೆಗೆ ಬಂದವನೊಬ್ಬ ದೋಹಾದ ಕೆಲಸ ಕೈಗೂಡಲಿ, ದುಬೈಯ ಬ್ಯಾಂಕು ಮರೆಯಲಿ ಎಂದು ಹಣ್ಣುಕಾಯಿ ಹಿಡಿದು ಬರುತ್ತಾನೆನ್ನಿ. ಹರಕೆಯನ್ನು ಅವನು ಹೇಳಿಕೊಳ್ಳಬೇಕಾದದ್ದು ಯಾವ ಅರ್ಧಕ್ಕೆ? ಒಂದರ್ಧ ಕರಗೀತು, ಕರಗಲಾರದೇನಲ್ಲ. ಆದರೆ ಆ ಮೂರ್ತಿ ಎರಡೂ ಅರ್ಧ ಸೇರಿಸಿಕೊಂಡು ನಿಂತದ್ದೇ ಇಂಥ ಹರಕೆ ನಡೆಯದಿರಲೆಂದು.