ನಗುವಿನ ಗಡಿಯಾಚೆಯ ಹಲ್ಲು

ಮನುಷ್ಯನ ನಗು ಎಷ್ಟನೆಯ ಹಲ್ಲಿನ ತನಕ ಎಂಬುದನ್ನು ಜರ್ಮನಿಯವರು ಎಣಿಸಿ, ನಿಯಮ ಮಾಡಿ ಇಟ್ಟಿದ್ದಾರೆ. ನಡುವಿನಿಂದ ಲೆಕ್ಕ ಹಾಕಿದರೆ ಮೇಲ್ದವಡೆಯಲ್ಲಿ ಐದನೆಯ ಹಲ್ಲಿನವರೆಗೆ, ಕೆಳದವಡೆಯಲ್ಲಿ ನಾಲ್ಕನೆಯದರವರೆಗೆ. ಅಷ್ಟರೊಳಗಿನ ಹಲ್ಲಿಗೆ ಕ್ಯಾಪ್ ಹಾಕಿಸಬೇಕಾಗಿ ಬಂದರೆ, ಹೊರಗೆ ಕಾಣುವ ಭಾಗಕ್ಕೆ ಹಲ್ಲಿನ ಬಣ್ಣ ಕೊಡಿಸುವುದಕ್ಕೂ ಸಾರ್ವಜನಿಕ ಆರೋಗ್ಯ ವಿಮೆ ತನ್ನ ಪಾಲು ಹಾಕುತ್ತದೆ. ಅದರಾಚೆಯದು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಬರೀ ಲೋಹದ ಕ್ಯಾಪ್ ಸಾಕು. ಈ ನಿಯಮ ಬರೆದವರು ಗಹಗಹಿಸಿ ನಗುವವರನ್ನು ಕಂಡಿರಲಿಲ್ಲವೋ ಏನೋ. ಮೈಸೂರಿನ ನನ್ನ ಸೋದರಮಾವ ನಕ್ಕರೆ ಕಿರುನಾಲಗೆಯ ತನಕ ದರ್ಶನವಾಗುತ್ತದೆ. ಅವರ ಮೂವತ್ತೆರಡು ಹಲ್ಲಿಗೂ ವಿಮೆ ಬಣ್ಣ ಹಚ್ಚಿಸಿ ಕೊಡಬೇಕಾಗುತ್ತಿತ್ತು.

ನನ್ನದು ಕೆಳದವಡೆ, ಎಡಗಡೆ, ಆರನೆಯ ಹಲ್ಲು. ನಗುವಿನ ಗಡಿ ದಾಟಿ ಒಳನಾಡಿನಲ್ಲಿ ನೆಲೆಸಿದ ನತದೃಷ್ಟ. ಅದನ್ನು ಸೀಳಿದ್ದು ಅತ್ತೆಯವರು ಡಬ್ಬಿ ತುಂಬ ಕಳಿಸಿದ್ದ ಕೋಡುಬಳೆ. ಸ್ಟುಟ್‌ಗಾರ್ಟಿನ ಚಳಿಗೆ ಕೋಡುಬಳೆ ಬಿರುಸಾಯಿತು ಎಂದು ನನ್ನ ಹೆಂಡತಿ ವಾದ ಹೂಡಿದಳು. ಹಲ್ಲು ಒಳಗೊಳಗೇ ಹುಳುಕಾಗಿತ್ತೆಂದು ಆಮೇಲೆ ಎಕ್ಸ್-ರೇ ಸಾಕ್ಷಿ ಹೇಳಿ ಅತ್ತೆಯವರ ಮಾನ ಉಳಿಸಿತು.

ಹಲ್ಲುನೋವಿಗೆ ಕ್ಯಾಲೆಂಡರ್ ಓದಲು ಬರುತ್ತದೆ. ಶುಕ್ರವಾರ ಮಧ್ಯಾಹ್ನದ ಊಟ ಆಗುವವರೆಗೆ ಸುಮ್ಮನಿದ್ದು, ಬಹಳಷ್ಟು ಹಲ್ಲಿನ ಡಾಕ್ಟರುಗಳು ಬಾಗಿಲು ಹಾಕಿಕೊಂಡು ಹೋದದ್ದನ್ನು ಖಾತ್ರಿಪಡಿಸಿಕೊಂಡು ಶುರುವಾಗುತ್ತದೆ. ವಾರಾಂತ್ಯಕ್ಕೆ ಸರದಿಯ ಮೇಲೆ ತುರ್ತು ಡಾಕ್ಟರೊಬ್ಬರು ಇರುತ್ತಾರೆ, ನಿಜ. ಆದರೆ ಅವರು ನೋವು ನಿಲ್ಲಿಸಿ, ಸೋಮವಾರ ನಿಮ್ಮ ಡಾಕ್ಟರನ್ನು ಕಾಣಿ ಎಂದು ಕಳಿಸುತ್ತಾರೆ. ಅಷ್ಟಕ್ಕೆ ಅಲ್ಲಿಯ ತನಕ ಹೋಗುವುದೇಕೆ, ಲವಂಗ ಇಟ್ಟುಕೊಳ್ಳಿ ಎಂದಳು ಹೆಂಡತಿ. ನೋಡಿದರೆ ಮನೆಯಲ್ಲಿ ಲವಂಗ ಮುಗಿದಿತ್ತು. ಪುಣ್ಯಕ್ಕೆ ಡಿಸೆಂಬರ್. ಕ್ರಿಸ್‌ಮಸ್ ಬಿಸ್ಕತ್ತಿಗೂ ಮಸಾಲೆ ಹಾಕಿ ಕಾಯಿಸುವ ವೈನಿಗೂ ಇವರಿಗೆ ಲವಂಗ ಬೇಕೇ ಬೇಕು. ಅಂಗಡಿಯಲ್ಲಿ ಮೈದಾ, ಬಾದಾಮಿ ಪುಡಿಯ ಪಕ್ಕ ಸಾಲಾಗಿ ಜೋಡಿಸಿದ್ದರು. ಎಲ್ಲರೂ ಹಬ್ಬದ ತಿಂಡಿಗೆಂದು ಒಯ್ಯುತ್ತಿದ್ದ ಲವಂಗವನ್ನು ನಾನೊಬ್ಬ ಕೆನ್ನೆ ಹಿಡಿದುಕೊಂಡು ಒಯ್ದೆ. ಸೋಮವಾರ ದವಾಖಾನೆಯ ಬಾಗಿಲು ತೆಗೆದರೆ ಅಲ್ಲೂ ಅದೇ ವಾಸನೆ! ಲವಂಗದೆಣ್ಣೆಯಲ್ಲಿರುವ ಯೂಜಿನಾಲನ್ನು ಸತುವಿನ ಆಕ್ಸೈಡಿನ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬಿಸುತ್ತಾರಂತೆ. ನಮ್ಮಜ್ಜಿ ಇದನ್ನು ಕೇಳಿದ್ದರೆ ಫೀಸಿನಲ್ಲಿ ಪಾಲು ಕೇಳುತ್ತಿದ್ದರು.

ಇಲ್ಲಿನ ಕಾಯುವ ಕೋಣೆಗೆ ಅದರದೇ ಮಡಿ. ಒಳಗೆ ಬಂದವರು ಗುರುತಿರಲಿ ಬಿಡಲಿ, ಕೂತವರಿಗೆಲ್ಲ ಒಟ್ಟಾಗಿ ‘ಗ್ರ್ಯೂಸ್ ಗಾಟ್’ ಅನ್ನಬೇಕು. ಕೂತವರೆಲ್ಲ ಅದನ್ನೇ ಗೊಣಗಬೇಕು. ಅಲ್ಲಿಗೆ ಸಂಬಂಧ ಮುಗಿಯಿತು. ಆಮೇಲೆ ಒಳಗಿನ ಡ್ರಿಲ್ಲು ಮಾತ್ರ ಮಾತಾಡುತ್ತದೆ. ಮೈಸೂರಾಗಿದ್ದರೆ ನನ್ನ ನಂಬರು ಬರುವಷ್ಟರಲ್ಲಿ ಪಕ್ಕದವರಿಗೆ ನನ್ನ ಹಲ್ಲಿನ ಪೂರ್ವಾಪರ, ನನಗೆ ಅವರ ಅಳಿಯನ ಸಂಬಳ ಗೊತ್ತಾಗಿರುತ್ತಿತ್ತು. ‘ನಮ್ಮ ಭಾವಮೈದನಿಗೂ ಹೀಗೇ ಆಗಿತ್ತು’ ಎಂದು ಶುರುಮಾಡಿ ಹೆದರಿಸುವವರು ಒಬ್ಬರಾದರೂ ಇರುತ್ತಿದ್ದರು. ಹೆದರಿಸುವವರಿಲ್ಲದೆ ಹೆದರುವುದು ಬಹಳ ಕಷ್ಟದ ಕೆಲಸ.

ಡಾಕ್ಟರಮ್ಮ ಬಂದು ಮೊದಲು ಕೈಕುಲುಕಿದರು. ಊರಿನ ನಮ್ಮ ಡಾಕ್ಟರು ಇಂಥ ಔಪಚಾರಿಕತೆಗೆಲ್ಲ ಹೋದವರಲ್ಲ. ಬಾಯಿ ತುಂಬ ಹತ್ತಿ ತುರುಕಿದ ಮೇಲೆ ‘ಅಪ್ಪನ ಶುಗರ್ ಎಷ್ಟಿದೆ? ಮನೆ ಕೆಲಸ ಎಲ್ಲಿಗೆ ಬಂತು? ತಾರಸಿ ಹಾಕಿಸಿದ್ರಾ?’ ಎಂದು ವಿಚಾರಿಸುವರು. ನಾನು ‘ಆ’ ಎಂದರೆ ಅದರ ಏರಿಳಿತದಲ್ಲೇ ಸಿಮೆಂಟಿನ ರೇಟು ಗ್ರಹಿಸುವರು. ಯಾವುದಕ್ಕೂ ಅಪ್ಪಣೆ ಕೇಳಿದವರಲ್ಲ, ಏನು ಮಾಡುತ್ತಿದ್ದೇನೆಂದು ಹೇಳಿದವರೂ ಅಲ್ಲ. ಈಕೆಯಾದರೋ ಹೆಜ್ಜೆಹೆಜ್ಜೆಗೂ ಮುನ್ಸೂಚನೆ. ಈಗ ತಣ್ಣಗಾಗುತ್ತದೆ. ಈಗ ಕಹಿ ಅನ್ನಿಸುತ್ತದೆ. ಈಗ ಸದ್ದು ಬರುತ್ತದೆ. ನೋವಾದರೆ ಎಡಗೈ ಎತ್ತಿ. ನಾನು ಎತ್ತಿದೆ. ತಕ್ಷಣ ಎಲ್ಲ ನಿಲ್ಲಿಸಿ, ‘ಇದು ನೋವೋ, ಬರೀ ಒತ್ತಡವೋ?’ ಎಂದು ಕೇಳಿದರು. ಬಾಯಲ್ಲಿ ಎರಡು ಸಲಕರಣೆ, ಒಂದು ಕೊಳವೆ ಇರುವವನಿಗೆ ಕೇಳುವ ಪ್ರಶ್ನೆಯೇ ಇದು? ಕೈ ಇಳಿಸಿದೆ. ಒತ್ತಡ ಎಂದು ದಾಖಲಾಯಿತು.

ಅದಕ್ಕೂ ಮೊದಲು ಬಾಯಿಯ ಜನಗಣತಿ ನಡೆಯಿತು. ಇವರು ಹಲ್ಲಿಗೆ ಹೆಸರು ಹೇಳುವುದಿಲ್ಲ, ನಂಬರು ಹೇಳುತ್ತಾರೆ. ಬಾಯಿಯನ್ನು ನಾಲ್ಕು ಭಾಗ ಮಾಡಿ, ಮೊದಲ ಅಂಕಿ ಭಾಗಕ್ಕೆ, ಎರಡನೆಯದು ಹಲ್ಲಿಗೆ. ಡಾಕ್ಟರಮ್ಮ ಒಂದು-ಎಂಟು, ಒಂದು-ಏಳು ಎಂದು ಪುರೋಹಿತರು ಸಂಕಲ್ಪ ಹೇಳುವ ವೇಗದಲ್ಲಿ ಒಪ್ಪಿಸುತ್ತ ಹೋದರು. ಸಹಾಯಕಿ ಕಂಪ್ಯೂಟರಿನಲ್ಲಿ ಕುಟ್ಟುತ್ತ ಹೋದಳು. ಮೂರು-ಆರಕ್ಕೆ ಬಂದಾಗ ಧ್ವನಿ ನಿಂತಿತು. ಅದು ನನ್ನದು. ಕೆಳಗೆ ಎಡಗಡೆಯದು ಮೂರನೆಯ ಭಾಗ, ಅದರಲ್ಲಿ ಆರನೆಯದು. ಭಾರತದ ದಂತವೈದ್ಯರೂ ಇದೇ ಲೆಕ್ಕ ಬಳಸುತ್ತಾರೆ. ಅಮೆರಿಕದವರು ಮಾತ್ರ ಒಂದರಿಂದ ಮೂವತ್ತೆರಡರ ತನಕ ಸೀದಾ ಎಣಿಸುವುದರಿಂದ ಅಲ್ಲಿ ಇದೇ ಹಲ್ಲು ಹತ್ತೊಂಬತ್ತು. ಸದ್ಯ, ನಾನು ವಲಸೆ ಬಂದರೂ ನನ್ನ ಹಲ್ಲಿನ ವಿಳಾಸ ಬದಲಾಗಿರಲಿಲ್ಲ.

ಎಕ್ಸ್-ರೇ ಎಂಬ ಹೆಸರು ಇಲ್ಲಿ ನಡೆಯುವುದಿಲ್ಲ, ರೋಂಟ್ಗೆನ್ ಎಂದೇ ಹೇಳಬೇಕು. ಅಭಿಮಾನ ಇರಲಿ ಬಿಡಿ. ಇಲ್ಲಿಂದ ಬಹಳ ದೂರವಿಲ್ಲದ ವ್ಯೂರ್ಟ್ಸ್‌ಬುರ್ಗ್‌ನಲ್ಲಿ 1895ರ ನವೆಂಬರಿನಲ್ಲಿ ರೋಂಟ್ಗೆನ್ ಈ ಕಿರಣ ಕಂಡುಹಿಡಿದ. ಎರಡೇ ತಿಂಗಳಿಗೆ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್‌ನ ದಂತವೈದ್ಯ ಓಟ್ಟೊ ವಾಲ್ಕ್‌ಹಾಫ್ ಗಾಜಿನ ಫಲಕ ಬಾಯಲ್ಲಿಟ್ಟುಕೊಂಡು ತನ್ನ ಹಲ್ಲುಗಳದೇ ಚಿತ್ರ ತೆಗೆಸಿಕೊಂಡ. 25 ನಿಮಿಷ ಅಲುಗಾಡದೆ ಇದ್ದನಂತೆ. ಆ ಕಿರಣ ಏನು ಮಾಡಬಲ್ಲದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ನನ್ನ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು, ಆದರೂ ಮೈಮೇಲೆ ಸೀಸದ ಕವಚ ಹೊದಿಸಿದರು. ಇನ್ನು ಚುಚ್ಚುಮದ್ದು. ನಮ್ಮ ಹಿರಿಯರ ಕಾಲದ ನೊವೊಕೇನನ್ನು 1905ರಲ್ಲಿ ಮ್ಯೂನಿಕ್‌ನ ಆಲ್ಫ್ರೆಡ್ ಐನ್‌ಹಾರ್ನ್ ತಯಾರಿಸಿದ. ನನ್ನ ಒಸಡಿಗೆ ಇಳಿದ ಆರ್ಟಿಕೇನ್ 1976ರಲ್ಲಿ ಬಳಕೆಗೆ ಬಂದದ್ದು, ಅದೂ ಜರ್ಮನ್ ಪ್ರಯೋಗಾಲಯದ್ದೇ. ಕಿರಣ ಇವರದು, ಮದ್ದು ಇವರದು, ಕುರ್ಚಿಯೂ ಇವರದೇ ಇರಬೇಕು. ಹಲ್ಲೊಂದು ಮಾತ್ರ ಮೈಸೂರಿನದು.

ರೂಟ್ ಕೆನಾಲಿನ ಮೊದಲ ಕಂತು ಮುಗಿಸಿ ಹೊರಬಂದಾಗ ನಾಲಗೆ, ತುಟಿ, ಅರ್ಧ ಗದ್ದ ನನ್ನ ಅಂಕೆಯಲ್ಲಿರಲಿಲ್ಲ. ಮಗಳಿಗೆ ಬ್ರೆಜೆಲ್ ಕೊಳ್ಳಲು ಬೇಕರಿಗೆ ಹೋದೆ. ನಾನು ಎಷ್ಟು ಚೊಕ್ಕ ಜರ್ಮನ್ ಮಾತಾಡಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಆ ಬೇಕರಿಯಮ್ಮನ ಪದ್ಧತಿ. ಅವತ್ತು ನನ್ನ ಬಾಯಿಂದ ‘ಸ’ ಹೊರಡಲಿಲ್ಲ, ಎಲ್ಲ ‘ಶ’ ಆಗಿ ಜಾರಿತು. ಈ ಸೀಮೆಯ ಶ್ವಾಬಿಶ್ ಮಾತಿನ ಸೊಗಸು ಇರುವುದೂ ಅದರಲ್ಲೇ. ‘ಇಸ್ಟ್’ ಇಲ್ಲಿ ‘ಇಷ್’. ಬೇಕರಿಯಮ್ಮ ಕಣ್ಣರಳಿಸಿದಳು. ಹವೆ, ರೈಲಿನ ವಿಳಂಬ, ಬೆಣ್ಣೆಯ ಬೆಲೆ, ಎಲ್ಲವನ್ನೂ ಅಪ್ಪಟ ಶ್ವಾಬಿಶ್‌ನಲ್ಲಿ ನನ್ನ ಮುಂದೆ ತೋಡಿಕೊಂಡಳು. ವಿಷಯ ಯಾವುದೆಂಬುದು ಬಿಟ್ಟರೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತೆಂದು ಆಕೆಗೆ ಅನ್ನಿಸಿದ್ದೇ ನನ್ನ ಭಾಗ್ಯ. ಮದ್ದು ಇಳಿದ ಮೇಲೆ ಮತ್ತೆ ಇಂಗ್ಲಿಷಿಗೆ ಹಿಂತಿರುಗಿದಳು.

ನಿಜವಾದ ಚಿಕಿತ್ಸೆ ಶುರುವಾದದ್ದು ಕಾಗದದ ಮೇಲೆ. ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ಕಡ್ಡಾಯ ಮಾಡಿದ ದೇಶ ಇದು. ಆವತ್ತಿನಿಂದ ಇವತ್ತಿನ ತನಕ ಒಂದು ಹಲ್ಲೂ ಅರ್ಜಿಯಿಲ್ಲದೆ ಕ್ಯಾಪ್ ತೊಟ್ಟಿರಲಾರದು ಎಂದೇ ನನ್ನ ನಂಬಿಕೆ. ಮೊದಲು ಡಾಕ್ಟರು ಚಿಕಿತ್ಸೆ ಮತ್ತು ಖರ್ಚಿನ ಯೋಜನೆ ಬರೆಯಬೇಕು. ವಿಮೆಯವರು ಅದನ್ನು ಮಂಜೂರು ಮಾಡಬೇಕು. ಮಂಜೂರಾದ ಆರು ತಿಂಗಳೊಳಗೆ ಕೆಲಸ ಮುಗಿಸಬೇಕು. 2023ರಿಂದ ಎಲ್ಲ ಕಂಪ್ಯೂಟರಿನಲ್ಲೇ ಹೋಗುತ್ತದಾದರೂ ನನಗೊಂದು ಪ್ರತಿ ಕೊಟ್ಟರು. ಹಲ್ಲುಗಳ ನಕ್ಷೆಯಲ್ಲಿ ಮೂರು-ಆರರ ಎದುರು ‘ವೇ ವೇ’ ಎಂದು ಎರಡಕ್ಷರ. ಅಂಚಿನ ವಿವರಣೆ ಓದಿದೆ: ಬಹುಪಾಲು ಹಾಳಾಗಿದ್ದರೂ ಉಳಿಸಿಕೊಳ್ಳಲು ಯೋಗ್ಯವಾದ ಹಲ್ಲು. ಹೆಂಡತಿ ಇಣುಕಿ ನೋಡಿ, ‘ರೀ, ಇದು ಹಲ್ಲಿಗೆ ಮಾತ್ರಾನಾ, ನಿಮಗೂ ಹಾಕಿಸಬಹುದಾ?’ ಎಂದಳು.

ಖರ್ಚಿನ ಲೆಕ್ಕ ಹೀಗೆ: ಲೋಹದ ಕ್ಯಾಪಿಗೆ ಎಷ್ಟಾಗುತ್ತದೆಂದು ಒಂದು ಮೊತ್ತ ಗೊತ್ತುಮಾಡಿರುತ್ತಾರೆ. ಅದರಲ್ಲಿ ನೂರಕ್ಕೆ 60 ವಿಮೆಯದು. ನಿಮಗೆ ಬಿಳಿ ಸಿರಾಮಿಕ್ ಬೇಕೆ? ಧಾರಾಳವಾಗಿ ಹಾಕಿಸಿಕೊಳ್ಳಿ, ವಿಮೆ ಕೊಡುವುದು ಲೋಹಕ್ಕೆ ಕೊಡುತ್ತಿದ್ದಷ್ಟೇ. ಇದರ ಜೊತೆಗೊಂದು ಬೋನಸ್ ಪುಸ್ತಕವಿದೆ. ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಹಲ್ಲು ತೋರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಐದು ವರ್ಷ ಬಿಡದೆ ಒತ್ತಿಸಿದವರಿಗೆ 60ರ ಬದಲು 70, ಹತ್ತು ವರ್ಷದವರಿಗೆ 75. ನೋವಿಲ್ಲದಿದ್ದರೂ ಹಲ್ಲಿನ ಡಾಕ್ಟರ ಬಳಿ ಹೋಗುವ ಜನ ಭೂಮಿಯ ಮೇಲಿದ್ದಾರೆಂದು ನನಗೆ ತಿಳಿದದ್ದೇ ಈ ಪುಸ್ತಕದಿಂದ. ನಾವು ಬಂದು ಐದು ವರ್ಷ ತುಂಬಿರಲಿಲ್ಲ. ಮೈಸೂರಿನಲ್ಲಿ ದಶಕಗಟ್ಟಲೆ ಬಾಯಿ ತೆರೆದದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಮುದ್ರೆ ಇದೆಯೇ ಎಂದರು. ನಮ್ಮ ಡಾಕ್ಟರು ಬರೆದುಕೊಟ್ಟಿದ್ದೆಲ್ಲ ಹಳೇ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ.

ವಿಷಯ ಕ್ಯಾಂಟೀನಿಗೆ ತಲುಪಿತು. ಆಡುಗೋಡಿಯಲ್ಲಿ ಜರ್ಮನ್ ಪಾಲುದಾರಿಕೆಯ ಮೈಕೋ ಕಾರ್ಖಾನೆ ಶುರುವಾದಾಗಿನಿಂದ ಬೆಂಗಳೂರಿಗೂ ಸ್ಟುಟ್‌ಗಾರ್ಟಿಗೂ ನಂಟು ಇರುವುದರಿಂದ ಇಲ್ಲಿ ಕನ್ನಡದಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ‘ಇಲ್ಲಿ ಯಾಕೆ ದುಡ್ಡು ಸುರೀತೀರಿ ಸಾರ್? ಫ್ರಾಂಕ್‌ಫರ್ಟಿಂದ ಸೀದಾ ಬೆಂಗಳೂರು ಫ್ಲೈಟಿದೆ. ಜಯನಗರದಲ್ಲಿ ಕ್ಯಾಪ್ ಹಾಕಿಸ್ಕೊಂಡು, ಒಂದು ಮದುವೆ ಊಟ ಮುಗಿಸ್ಕೊಂಡು ಬನ್ನಿ’ ಎಂದರು ಒಬ್ಬರು. ಟಿಕೆಟ್ಟಿನ ದುಡ್ಡು ಕೂಡಿಸಿ ನೋಡಿದೆ. ಮನೆಮಂದಿಗೆಲ್ಲ ಒಯ್ಯಬೇಕಾದ ಚಾಕೊಲೇಟು, ಸೆಂಟು ಸೇರಿಸಿದೆ. ಹಲ್ಲು ತೀರಾ ಅಗ್ಗವಾಯಿತು, ಪ್ರಯಾಣ ದುಬಾರಿಯಾಯಿತು. ಇದೆಲ್ಲ ನಮ್ಮವರದೇ ಚಾಳಿ ಎಂದುಕೊಂಡಿದ್ದೆ. ಪಕ್ಕದ ಮೇಜಿನ ಜರ್ಮನ್ ಸಹೋದ್ಯೋಗಿ ತಗ್ಗಿದ ದನಿಯಲ್ಲಿ, ‘ಹಂಗೆರಿಗೆ ಹೋಗು, ನಮ್ಮತ್ತೆ ಅಲ್ಲೇ ಮಾಡಿಸಿದ್ದು’ ಎಂದ. ಆಸ್ಟ್ರಿಯಾದ ಗಡಿಯ ಹತ್ತಿರ ಮೋಶೊನ್‌ಮಾಗ್ಯಾರೋವಾರ್ ಎಂಬ ಊರಿದೆಯಂತೆ. ಬೀದಿಬೀದಿಗೂ ಹಲ್ಲಿನ ಡಾಕ್ಟರು, ಗಿರಾಕಿಗಳೆಲ್ಲ ಗಡಿಯಾಚೆಯವರು. ಅದು ಯೂರೋಪಿನ ಒಕ್ಕೂಟದೊಳಗೆ ಇರುವುದರಿಂದ ಮೊದಲೇ ಮಂಜೂರಾತಿ ಪಡೆದರೆ ಜರ್ಮನ್ ವಿಮೆಯ ಪಾಲೂ ಸಿಗುತ್ತದೆ. ಜಯನಗರಕ್ಕೆ ಆ ಭಾಗ್ಯವಿಲ್ಲ. ಆದರೆ ಆ ಊರಿನ ಹೆಸರು ಹೇಳಿ ಟಿಕೆಟ್ ಕೇಳುವುದಕ್ಕೇ ಮೂವತ್ತೆರಡೂ ಹಲ್ಲು ಗಟ್ಟಿಯಿರಬೇಕು. ನನ್ನ ಬಳಿ ಅಷ್ಟಿರಲಿಲ್ಲ.

ಕೊನೆಗೆ ಉಳಿದದ್ದು ಲೋಹವೋ, ಬಿಳಿಯೋ ಎಂಬ ಪ್ರಶ್ನೆ. ನಿಯಮ ಬರೆದವರ ಮಾತಿನಲ್ಲಿ ತಥ್ಯವಿದೆ, ಆರನೆಯ ಹಲ್ಲನ್ನು ನೋಡುವವರು ಯಾರು? ಕನ್ನಡಿಯ ಮುಂದೆ ನಿಂತು ನಾನಾ ಬಗೆಯಲ್ಲಿ ನಕ್ಕು ಪರೀಕ್ಷೆ ಮಾಡಿದೆ. ಯಾವ ನಗುವಿನಲ್ಲೂ ಅದು ಕಾಣಲಿಲ್ಲ. ‘ಆಕಳಿಸಿದರೆ ಕಾಣತ್ತೆ’ ಎಂದಳು ಹೆಂಡತಿ. ‘ನೀವು ಮೀಟಿಂಗಲ್ಲಿ ಆಕಳಿಸ್ತೀರಿ. ಆಮೇಲೆ ಇಂಡಿಯಾದೋರು ಬಾಯಲ್ಲಿ ಸ್ಟೀಲ್ ಹಾಕ್ಕೊಂಡಿದಾರೆ ಅಂತಾರೆ.’ ದೇಶದ ಮಾನದ ಪ್ರಶ್ನೆಯಾದ್ದರಿಂದ ಸಿರಾಮಿಕ್ಕಿಗೇ ಸಹಿ ಹಾಕಿದೆ. ಆರನೆಯ ಹಲ್ಲಿನ ಬಣ್ಣಕ್ಕೆ ಇಷ್ಟೊಂದು ಯೂರೋ ಸುರಿಯುವುದು ಶುದ್ಧ ಶೋಕಿ ಎಂದು ಈಗಲೂ ನನ್ನ ಅಭಿಪ್ರಾಯ. ಶೋಕಿಗೆ ವಿಮೆ ದುಡ್ಡು ಕೊಡದಿರುವುದೂ ನ್ಯಾಯವೇ.

ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಒಂದೇ. ‘ಗ್ಯಾರಂಟಿ ಎಷ್ಟು ದಿವಸಕ್ಕೆ ಕೊಟ್ಟಿದಾರೋ?’

‘ಎರಡು ವರ್ಷ ಅಪ್ಪಾ. ಇಲ್ಲಿ ಕಾನೂನೇ ಇದೆ.’

‘ಎರಡೇನಾ? ನಮ್ಮ ಮಿಕ್ಸಿ ಮೋಟಾರಿಗೇ ಐದು ವರ್ಷ ಕೊಟ್ಟಿದಾನಲ್ಲೋ!’

ಮುಂದಿನ ವರ್ಷದ ತಪಾಸಣೆಗೆ ನಾನು ಮೊಟ್ಟಮೊದಲ ಬಾರಿಗೆ ಯಾವ ನೋವೂ ಇಲ್ಲದೆ ಹೋದೆ. ಒಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ಬಿಳಿಯ ಕ್ಯಾಪನ್ನು ನೋಡಿ ಮೆಚ್ಚಬಲ್ಲ ಜೀವ ಈ ಭೂಮಿಯ ಮೇಲೆ ಡಾಕ್ಟರಮ್ಮ ಒಬ್ಬರೇ ತಾನೇ? ಜನಗಣತಿ ಶುರುವಾಯಿತು. ಮೂರು-ನಾಲ್ಕು, ಮೂರು-ಐದು. ನಾನು ಬಾಯಿಯನ್ನು ಇನ್ನೂ ಅಗಲಿಸಿದೆ. ‘ಮೂರು-ಆರು, ಕಾ’ ಎಂದರು. ಕಾ ಎಂದರೆ ಕ್ಯಾಪ್ ಇದೆ ಅಂತ. ಬಣ್ಣದ ಮಾತೇ ಇಲ್ಲ. ಪಕ್ಕದ ಮೂರು-ಏಳಕ್ಕೆ ಹೋಗಿ ಮಾತ್ರ ಅವರ ಕನ್ನಡಿ ನಿಂತಿತು. ಕೊಕ್ಕೆಯಿಂದ ಕೆರೆದರು, ಗಾಳಿ ಊದಿದರು, ‘ಇದರ ಮೇಲೊಂದು ಕಣ್ಣಿಡೋಣ, ಸದ್ಯಕ್ಕೇನೂ ಬೇಡ’ ಎಂದು ಮುದ್ರೆ ಒತ್ತಿ ಕೈಕುಲುಕಿದರು.

ಮನೆಗೆ ಬಂದು ಬೋನಸ್ ಪುಸ್ತಕವನ್ನು ಹೆಂಡತಿಯ ಮುಂದಿಟ್ಟೆ. ಅವಳು ಮುದ್ರೆಗಳನ್ನು ಬೆರಳು ಮಡಿಸಿ ಎಣಿಸಿದಳು. ಐದಕ್ಕೆ ಇನ್ನೊಂದು ಬಾಕಿ.

‘ಏಳನೇ ಹಲ್ಲಿಗೆ ಒಂದು ವರ್ಷ ತಡ್ಕೊಳ್ಳೋಕೆ ಹೇಳಿ’ ಎಂದಳು. ‘ನೂರಕ್ಕೆ ಎಪ್ಪತ್ತು ಬರತ್ತೆ.’