ಕೋಶಬಾಹ್ಯಜಾಲ ಮೀಮಾಂಸೆ

ಸೂತ್ರ 1: ಜಾಲವಿಲ್ಲದೆ ಜೀವಿಯಿಲ್ಲ.

ಭಾಷ್ಯ: ಜೀವಕೋಶಗಳ ಹೊರಗೆ ಕೊಲಾಜೆನ್, ಫೈಬ್ರೊನೆಕ್ಟಿನ್ ಮೊದಲಾದವುಗಳ ಹೆಣಿಗೆಯಿದೆ. ಅದಿಲ್ಲದಿದ್ದರೆ ವಾಚಕರೂ ಭಾಷ್ಯಕಾರನೂ ನೆಲದ ಮೇಲೆ ಹರಡಿಕೊಂಡಿರುತ್ತಿದ್ದರು. ಈ ಪ್ರಬಂಧ ಓದುವ ಕಷ್ಟವೂ ತಪ್ಪುತ್ತಿತ್ತು. ಈ ಶಾಸ್ತ್ರವು ಬಾಲದ ಆಸರೆಯಲ್ಲಿ ನಿಂತಿರುವುದನ್ನು ಪೂರ್ವಸೂರಿಗಳು ಏಕೋ ಎತ್ತಿ ಹೇಳಿಲ್ಲ. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ಕೊಲಾಜೆನ್ನಿನ ಮೂರೆಳೆಯ ರಚನೆಯನ್ನು ಸೂಚಿಸಿ, 1955ರಲ್ಲಿ ಅದಕ್ಕೆ ಇನ್ನೊಂದು ಹುರಿ ಕೊಟ್ಟರಷ್ಟೆ. ಅವರ ಎಕ್ಸ್‌ರೇಗೆ ಒಡ್ಡಿಕೊಂಡದ್ದು ಕಾಂಗರೂ ಬಾಲದ ಸ್ನಾಯುರಜ್ಜು. 1962ರಲ್ಲಿ ಗ್ರಾಸ್ ಮತ್ತು ಲಾಪಿಯೆರ್ ಆ ಹುರಿಯನ್ನು ಕತ್ತರಿಸುವ ಕಿಣ್ವವನ್ನು ಪತ್ತೆಹಚ್ಚಿದ್ದು ಗೊದಮೊಟ್ಟೆಯ ಕರಗುವ ಬಾಲದಲ್ಲಿ. ಬಾಲವೇ ಪ್ರಮಾಣವೆಂದು ಸಿದ್ಧವಾಯಿತು.

ಸೂತ್ರ 2: ಆಜ್ಞೆ ಟಿಜಿಎಫ್-ಬೀಟಾದ್ದು.

ಭಾಷ್ಯ: ಈ ಬೆಳವಣಿಗೆ ಅಂಶವು ಫೈಬ್ರೊಬ್ಲಾಸ್ಟ್ ಕೋಶದ ಗ್ರಾಹಕಕ್ಕೆ ತಗುಲಿದೊಡನೆ ಸ್ಮ್ಯಾಡ್ ಎಂಬ ಪ್ರೋಟೀನುಗಳು ಕೋಶಕೇಂದ್ರಕ್ಕೆ ಕಡತ ಒಯ್ಯುತ್ತವೆ. ಕೊಲಾಜೆನ್ ತಯಾರಿ ಏರುತ್ತದೆ. ಕತ್ತರಿ ಕಿಣ್ವಗಳನ್ನು ಕಟ್ಟಿಹಾಕುವ ಟಿಂಪ್ ಕೂಡ ಏರುತ್ತದೆ. ಕಟ್ಟಲು ಮಂಜೂರಾತಿ, ಕೆಡವಲು ತಡೆಯಾಜ್ಞೆ, ಎರಡೂ ಒಂದೇ ಸಹಿಯಲ್ಲಿ! ಲೋಕೋಪಯೋಗಿ ಇಲಾಖೆಗೂ ಈ ದಕ್ಷತೆ ದಕ್ಕಿಲ್ಲ. ಆದರೆ ಸಿ ಜೀವಸತ್ವವಿಲ್ಲದಿದ್ದರೆ ಹುರಿ ಗಟ್ಟಿಯಾಗದು. ನೆಲ್ಲಿಕಾಯಿ ಕಾಣದ ದೇಹದಲ್ಲಿ ಕಾಮಗಾರಿ ಕಳಪೆ.

ಪೂರ್ವಪಕ್ಷ: ಹಾಗಾದರೆ ಬೆಳವಣಿಗೆ ಅಂಶವೇ ಒಡೆಯನಲ್ಲವೆ?

ಸೂತ್ರ 3: ಅಲ್ಲ, ಕಟ್ಟಿಸಿದವನೇ ಕಟ್ಟಡದಲ್ಲಿ ಬಂದಿ.

ಭಾಷ್ಯ: ಟಿಜಿಎಫ್-ಬೀಟಾ ಕೋಶದಿಂದ ಹೊರಬರುವುದೇ ಬಾಯಿ ಕಟ್ಟಿಸಿಕೊಂಡು. ಮೈಗೆ ಸುತ್ತಿದ ಪೆಪ್ಟೈಡು, ಅದನ್ನು ಜಾಲಕ್ಕೆ ಬಿಗಿಯುವ ಇನ್ನೊಂದು ಪ್ರೋಟೀನು. ತಾನು ಹೆಣೆಸಿದ ಬಲೆಯಲ್ಲೇ ಸೆರೆವಾಸ. ಬಿಡುಗಡೆಗೆ ಕೋಶದ ಕೊಕ್ಕೆಗಳಾದ ಇಂಟೆಗ್ರಿನ್‌ಗಳು ಆ ಹೊದಿಕೆಯನ್ನು ಹಿಡಿದು ಜಗ್ಗಬೇಕು. ಜಾಲ ಮೆತ್ತಗಿದ್ದರೆ ಅದೂ ಜೊತೆಗೇ ಜಗ್ಗಿಕೊಂಡು ಬರುತ್ತದೆ, ಗಂಟು ಬಿಚ್ಚದು. ಬಿರುಸಾಗಿದ್ದರೆ ಬಿಚ್ಚುತ್ತದೆ. ಬಿಚ್ಚಿದರೆ ಇನ್ನಷ್ಟು ಕೊಲಾಜೆನ್, ಇನ್ನಷ್ಟು ಬಿರುಸು, ಇನ್ನಷ್ಟು ಬಿಡುಗಡೆ. ತಾರ್ಕಿಕರು ಇದನ್ನು ಚಕ್ರಕದೋಷವೆಂದು ಖಂಡಿಸುವರು. ವೈದ್ಯರು ಫೈಬ್ರೋಸಿಸ್ ಎಂದು ಬರೆದುಕೊಳ್ಳುವರು.

ಗಾಯ ಮಾಗಿದ ಮೇಲೆ ಈ ಗದ್ದಲ ತಾನಾಗಿ ಅಡಗಬೇಕೆಂಬುದು ನಿಯಮ. ಅಡಗದ ಕಡೆ, ಉದಾಹರಣೆಗೆ ಚುಚ್ಚಿಸಿದ ಕೆಲವರ ಕಿವಿಯಲ್ಲಿ, ಗಾಯದ ಎಲ್ಲೆ ಮೀರಿ ಕೀಲಾಯ್ಡ್ ಎಂಬ ಗಂಟು ಉಬ್ಬುತ್ತದೆ. ಅದನ್ನು ಬರಿದೇ ಕೊಯ್ದು ತೆಗೆದರೆ ಬಹಳ ಸಲ ಮತ್ತೆ ಬೆಳೆಯುತ್ತದೆ. ಕೊಯ್ದದ್ದೂ ಗಾಯವೇ ತಾನೆ. ಇಲಾಖೆ ಅದನ್ನು ಹೊಸ ಕಾಮಗಾರಿಯೆಂದು ದಾಖಲಿಸಿಕೊಳ್ಳುತ್ತದೆ.